ಬಿಸಿಗೊಂದು ಬಲ್ಬು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬಳಸಿ ಬಳಸಿ ಸವೆದ ತಾಮ್ರದ ಚೊಂಬಿನ ತಳದಂತೆ ನುಣ್ಣಗೆ ಹೊಳೆಯುತ್ತಿತ್ತು. ಉರಿಯುತ್ತಿರುವ ಬಲ್ಬನ್ನು ಬಟ್ಟೆ ಸುತ್ತಿಕೊಳ್ಳದೆ ಬರಿಗೈಯಲ್ಲೇ ಒತ್ತಿ ತಿರುಗಿಸಿ ತೆಗೆಯುವುದು ಅವರ ಅಭ್ಯಾಸ. ವರ್ಷಗಟ್ಟಲೆ ಹಾಗೆ ಮಾಡಿ ಚರ್ಮ ಸುಟ್ಟು, ಬಲಿತು, ಕೊನೆಗೆ ಗಾಜಿನಂತೆ ಆಗಿಬಿಟ್ಟಿತ್ತು. ರೇಷನ್ ಅಂಗಡಿಗೆ ಬೆರಳು ಒತ್ತುವ ಮಿಷನ್ನು ಬಂದಾಗ ಅದು ಅವರ ಹೆಬ್ಬೆಟ್ಟನ್ನು ಒಪ್ಪಲೇ ಇಲ್ಲ. ಎಷ್ಟು ಸಲ ಒತ್ತಿದರೂ ಕೆಂಪು ದೀಪ. ಕೊನೆಗೆ ಉಂಗುರದ ಬೆರಳನ್ನು ಒತ್ತಿಸಿ ಅಕ್ಕಿ ಕೊಟ್ಟರಂತೆ. "ನಮ್ಮವ್ರು ಬದುಕಿರೋದು ನಂಗೊಬ್ಳಿಗೇ ಗೊತ್ತು, ಸರ್ಕಾರಕ್ಕೆ ಗೊತ್ತಿಲ್ಲ" ಎಂದು ಅವರ ಹೆಂಡತಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಹೋದ ರಜೆಯಲ್ಲಿ ಬಂದಾಗ ಮೊಮ್ಮಕ್ಕಳು ನೀವು ಇಬ್ಬರೂ ಕೇಳಿದಿರಿ, ಮನೆಯ ಬಲ್ಬುಗಳೆಲ್ಲ ಬೆಳ್ಳಗೆ ಉರಿಯುವಾಗ ಅಡುಗೆಮನೆಯ ಮರದ ಪೆಟ್ಟಿಗೆಯೊಳಗೆ ಮಾತ್ರ ಒಂದು ಹಳದಿ ಬಲ್ಬು ಯಾಕೆ ಎಂದು. "ಹಿಟ್ಟಿಗೆ" ಎಂದು ಹೇಳಿ ನಾನು ಸುಮ್ಮನಾದೆ. ನನಗೆ ಎದುರಿಗೆ ಕೂತು ಕತೆ ಹೇಳಲು ಬರುವುದಿಲ್ಲ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಆ ಬಲ್ಬನ್ನು ಆರಿಸಿಕೊಟ್ಟವರು ಈ ಹೆಬ್ಬೆರಳಿನವರು. ಅವರ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ. ಊರಿನವರೆಲ್ಲ ಬಲ್ಬಿನ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೆಯೇ ಬರೆಯುತ್ತೇನೆ.

ಅವರ ಅಂಗಡಿ ಕೊಟ್ಟಿಗೆಹಾರದ ಸರ್ಕಲ್ಲಿನಿಂದ ಮೂಡಿಗೆರೆಯ ಕಡೆಗೆ ಸ್ವಲ್ಪ ಮುಂದೆ ಇತ್ತು. ಈಗಲೂ ಇದೆ. ವಯರು, ಸ್ವಿಚ್ಚು, ಹೋಲ್ಡರು, ಎಸ್ಟೇಟಿನವರಿಗೆ ಬೇಕಾಗುವ ಪಂಪಿನ ಸಾಮಾನು. ಜೂನ್ ಹುಟ್ಟಿದ ಮೇಲೆ ಅವರು ತಲೆಯಿಂದ ಉಣ್ಣೆಯ ಟೊಪ್ಪಿ ತೆಗೆಯುತ್ತಿರಲಿಲ್ಲ. ಕೂರುವ ಸ್ಟೂಲಿನ ಬುಡದಲ್ಲಿ ಒಂದು ಬಿದಿರಿನ ಬುಟ್ಟಿಯನ್ನು ಮಗುಚಿ, ಅದರೊಳಗೆ ಬಲ್ಬು ಉರಿಸಿ, ಅದರ ಮೇಲೆ ಕಾಲಿಟ್ಟುಕೊಂಡು ಕೂರುತ್ತಿದ್ದರು. ಅವರು ಎದ್ದುಹೋದರೆ ಆ ಜಾಗಕ್ಕೆ ಒಂದು ಬೆಕ್ಕು ಬರುತ್ತಿತ್ತು. ಹಗಲು ಹೊತ್ತಿನಲ್ಲಿ ಬುಟ್ಟಿಯೊಳಗೆ ದೀಪ ಹಚ್ಚಿಟ್ಟಿದ್ದನ್ನು ಹೊಸಬರು ಬೆರಗಾಗಿ ನೋಡುತ್ತಿದ್ದರು. ಊರಿನವರಿಗೆ ಅದು ವಿಶೇಷವಾಗಿ ಕಾಣುತ್ತಿರಲಿಲ್ಲ.

ಬಲ್ಬು ಬೇಕೆಂದು ಯಾರು ಹೋದರೂ ಅವರು ಕೇಳುವುದು ಒಂದೇ ಪ್ರಶ್ನೆ. "ಬೆಳಕಿಗಾ, ಬಿಸಿಗಾ?"

ಅದು ತಮಾಷೆಯ ಮಾತಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಅರ್ಧ ಜನ ಬಲ್ಬು ಒಯ್ಯುತ್ತಿದ್ದುದು ಬಿಸಿಗೇ. ತಾಯಿಕೋಳಿ ಬಿಟ್ಟುಹೋದ ಮರಿಗಳಿಗೆ ಬುಟ್ಟಿಯೊಳಗೆ ಒಂದು. ರೇಷ್ಮೆ ಸೀರೆಗೆ ಬೂಷ್ಟು ಹಿಡಿಯದಂತೆ ಬೀರುವಿನ ತಳದಲ್ಲಿ ಒಂದು. ಭಜನೆ ಮನೆಯ ಹಾರ್ಮೋನಿಯಂ ಶ್ರಾವಣದಲ್ಲಿ ಉಸಿರು ಕಟ್ಟಿಕೊಂಡು ಕೂತುಬಿಡುತ್ತಿತ್ತು, ಅದರ ಪೆಟ್ಟಿಗೆಗೆ ಒಂದು. ಎಳೆಮಗುವಿನ ಬಟ್ಟೆ ಒಣಗಿಸಲು ಇನ್ನೊಂದು. ಒಂದೊಂದಕ್ಕೂ ಅವರು ಬೇರೆ ಬೇರೆ ಬಲ್ಬು ತೆಗೆದುಕೊಡುತ್ತಿದ್ದರು. ಕೊಡುವ ಮೊದಲು ಕೌಂಟರಿನ ಮೇಲಿದ್ದ ಹೋಲ್ಡರಿಗೆ ಹಾಕಿ ಹೊತ್ತಿಸಿ, ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು, ಹೆಬ್ಬೆರಳನ್ನು ಗಾಜಿನ ಹತ್ತಿರ ಹಿಡಿಯುತ್ತಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ. ಕಣ್ಣು ಮಾತ್ರ ಬಲ್ಬಿನ ಕಡೆಗೆ ಹೋಗುತ್ತಿರಲಿಲ್ಲ. "ಬಲ್ಬ್ ಅಂದ್ರೆ ಒಲೆ. ಬೆಳಕು ಅದರ ಹೊಗೆ" ಎನ್ನುತ್ತಿದ್ದರು.

ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ನಿಮ್ಮ ಅಜ್ಜ ಹೋದ ನಂತರದ ಮೊದಲ ಮಳೆಗಾಲದಲ್ಲಿ. ಅಜ್ಜ ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ, ಕಾಫಿ ತೂಕ ಬರೆಯುವ ಕೆಲಸ. ಅವರು ಹೋದ ಮೇಲೆ ಎಸ್ಟೇಟಿನ ಮನೆ ಬಿಡಬೇಕಾಯಿತು. ಕೊಟ್ಟಿಗೆಹಾರದ ರಸ್ತೆಬದಿಯಲ್ಲಿ ಈ ಚಿಕ್ಕ ಮನೆಗೆ ನಾನೂ ನಿಮ್ಮ ಅಮ್ಮನೂ ಬಂದೆವು. ನಿಮ್ಮ ಅಮ್ಮ ಆಗ ಹೈಸ್ಕೂಲಿನಲ್ಲಿದ್ದಳು. ಅಜ್ಜನ ಅಣ್ಣ, ನನ್ನ ಭಾವನವರು, ಒಂದು ದಿನ ಬಂದು ಜಗಲಿಯ ಮೇಲೆ ಕೂತು, ತಮ್ಮ ಮನೆಗೇ ಬಂದುಬಿಡಲು ಹೇಳಿದರು. ಅವರ ಮನೆಯಲ್ಲಿ ಆಳುಕಾಳು ಸೇರಿ ದೊಡ್ಡ ಪಂಕ್ತಿ, ಅಡುಗೆಗೆ ಒಂದು ಕೈ ಬೇಕಿತ್ತು. ಹುಡುಗಿಗೆ ಓದಿದ್ದು ಸಾಕು, ಅವಳದ್ದೂ ಒಂದು ಕೈ ಆಗುತ್ತದೆ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ತೋಚಿದ ದಾರಿ ಅದು. ದೀಪಾವಳಿಯ ಒಳಗೆ ನಾನು ನನ್ನ ಕಾಲ ಮೇಲೆ ನಿಲ್ಲದಿದ್ದರೆ ಆ ಮನೆಗೆ ಹೋಗಲೇಬೇಕಿತ್ತು, ನಿಮ್ಮ ಅಮ್ಮ ಶಾಲೆ ಬಿಡಲೇಬೇಕಿತ್ತು.

ನನಗೆ ಗೊತ್ತಿದ್ದ ಕೆಲಸ ಅಡುಗೆ ಒಂದೇ. ಬಸ್ಸು ನಿಲ್ಲುವಲ್ಲಿ ಒಂದು ಸಣ್ಣ ಹೋಟೆಲು ಇತ್ತು. ಅಲ್ಲಿ ನೀರುದೋಸೆ, ಬನ್ಸು ಅವರೇ ಮಾಡುತ್ತಿದ್ದರು. ಘಾಟಿ ಹತ್ತಿ ಬರುವ ಲಾರಿಯವರು, ಬಸ್ಸಿನವರು ಇಡ್ಲಿ ಕೇಳುತ್ತಾರೆ, ಮಾಡಿಕೊಡಿ ಎಂದು ಯಜಮಾನರು ಒಪ್ಪಿದರು. ಬೇಸಿಗೆಯಲ್ಲಿ ಎಲ್ಲ ಸರಿಹೋಯಿತು. ಮಧ್ಯಾಹ್ನ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯ ಬಾಯಿಗೆ ಬರುತ್ತಿತ್ತು. ಜೂನ್ ಬಂತು, ಮಳೆ ಹಿಡಿಯಿತು, ಹಿಟ್ಟು ಮಲಗಿತು. ಕಂಬಳಿ ಸುತ್ತಿದೆ, ಒಲೆಯ ಪಕ್ಕಕ್ಕೆ ಇಟ್ಟೆ, ಬಿಸಿನೀರಿನ ಹಂಡೆಯ ಮೇಲೆ ಕೂರಿಸಿದೆ. ಒಲೆ ಆರಿದ ಕೂಡಲೇ ಥಂಡಿ ಮತ್ತೆ ಒಳಗೆ ಬಂದುಬಿಡುತ್ತಿತ್ತು. ಬೆಳಿಗ್ಗೆ ನೋಡಿದರೆ ಹಿಟ್ಟು ಇಟ್ಟಲ್ಲೇ ಇರುತ್ತಿತ್ತು. ಅದನ್ನೇ ಬೇಯಿಸಿ ಒಯ್ದೆ. ಹೋಟೆಲಿನ ಯಜಮಾನರು ಒಂದು ಇಡ್ಲಿಯನ್ನು ಎತ್ತಿ ಹಿಡಿದು, "ಅಮ್ಮ, ಬೇಜಾರು ಮಾಡ್ಕೋಬೇಡಿ. ಇದನ್ನ ಎಸ್ಟೇಟಿಗೆ ಕೊಡಿ, ಮಂಗ ಓಡಿಸೋಕೆ ಆಗುತ್ತೆ" ಎಂದರು. ಗಿರಾಕಿಗಳು ನಕ್ಕರು. ನಾನು ತಲೆ ತಗ್ಗಿಸಿ ಕ್ಯಾರಿಯರು ತೆಗೆದುಕೊಂಡು ಬಂದೆ. ಇನ್ನು ಸ್ವಲ್ಪ ದಿನ ನೋಡಿ, ಆಗದಿದ್ದರೆ ಮೂಡಿಗೆರೆಯಿಂದ ತರಿಸಿಕೊಳ್ಳುವುದಾಗಿ ಅವರು ಹಿಂದಿನಿಂದ ಹೇಳಿದ್ದು ಕೇಳಿಸಿತು.

ಪಕ್ಕದ ಮನೆಯಾಕೆ ಕೋಳಿಮರಿಗಳನ್ನು ಬಲ್ಬಿನ ಕೆಳಗೆ ಸಾಕಿದ್ದಳು. ಹೊರಗೆ ಮಳೆ ಸುರಿಯುವಾಗ ಬುಟ್ಟಿಯೊಳಗೆ ಮರಿಗಳು ಕಾಲು ಚಾಚಿ ಮಲಗಿದ್ದವು. ಅದನ್ನು ನೋಡಿ ನನಗೆ ಹಿಟ್ಟಿನ ಯೋಚನೆ ಬಂತು. ಸಾಹೇಬರ ಹತ್ತಿರ ಕೇಳು ಎಂದು ಅವಳೇ ಹೇಳಿದ್ದು.

ಅಂಗಡಿಯಲ್ಲಿ ಜೀಪಿನವರು, ಪಂಪು ರಿಪೇರಿಗೆ ಬಂದವರು ಕೂತಿದ್ದರು. ಒಂದು ಬಲ್ಬು ಎಂದೆ. "ಬೆಳಕಿಗಾ, ಬಿಸಿಗಾ?" ಎಂದರು. ಅಷ್ಟು ಗಂಡಸರ ಮುಂದೆ ನನಗೆ ಬಾಯಿ ಬರಲಿಲ್ಲ. ಛತ್ರಿಯಿಂದ ಇಳಿಯುವ ನೀರನ್ನು ನೋಡುತ್ತಾ ನಿಂತೆ. ಅವರು ಅವಸರ ಮಾಡಲಿಲ್ಲ. ಬೆಕ್ಕನ್ನು ಬುಟ್ಟಿಯ ಮೇಲಿಂದ ಇಳಿಸಿದರು, ಮತ್ತೆ ಹತ್ತಿಸಿದರು. ಕೊನೆಗೆ ನಾನು "ಹಿಟ್ಟಿಗೆ" ಎಂದೆ.

ಕೂತವರಲ್ಲಿ ಒಬ್ಬ, "ಹಿಟ್ಟಿಗೂ ಕರೆಂಟಾ? ನಾಳೆ ಮಜ್ಜಿಗೆಗೂ ಕೇಳ್ತಾರೆ ಸಾಹೇಬ್ರೆ" ಎಂದ.

"ನಿನ್ನ ಹೆಂಡ್ತಿ ಕೋಳಿಮರಿಗೆ ಬಲ್ಬ್ ಒಯ್ದಾಗ ನಾನು ನಕ್ಕಿದ್ನಾ ಮಾರಾಯ?" ಎಂದರು ಸಾಹೇಬರು.

ಇಡ್ಲಿ ಹಿಟ್ಟಿಗೆ ಬಲ್ಬು ಕೊಟ್ಟ ಅನುಭವ ಅವರಿಗೂ ಇರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಪೈಕಿಯವರಲ್ಲ ಅವರು. ಪೆಟ್ಟಿಗೆಯೊಳಗೆ ಹಿಟ್ಟಿನ ಪಾತ್ರೆ ಇಟ್ಟು ಬಲ್ಬು ಇಳಿಬಿಡಿ, ಹಿಟ್ಟು ಜಾಸ್ತಿ ಇರುವುದರಿಂದ ನೂರು ವ್ಯಾಟಿನದ್ದೇ ಬೇಕು ಎಂದು ದೊಡ್ಡ ಬಲ್ಬನ್ನೇ ಕೊಟ್ಟರು. ಯಾವ ಪೆಟ್ಟಿಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಯಲ್ಲಿ ಇದ್ದ ಪೆಟ್ಟಿಗೆ ಒಂದೇ, ನಿಮ್ಮ ಅಜ್ಜನ ತಗಡಿನ ಟ್ರಂಕು. ಅದರಲ್ಲಿ ಪಾತ್ರೆ ಇಟ್ಟು, ಬಲ್ಬು ಇಳಿಬಿಟ್ಟು, ಮುಚ್ಚಳ ಎಳೆದು ಮಲಗಿದೆ.

ಬೆಳಿಗ್ಗೆ ತೆರೆದಾಗ ಹಿಟ್ಟಿನ ಒಂದು ಮಗ್ಗುಲು ಪಾತ್ರೆಯಲ್ಲೇ ಬೆಂದು ಗಟ್ಟಿಯಾಗಿತ್ತು. ಇನ್ನೊಂದು ಮಗ್ಗುಲು ಹುಳಿಯೂ ಬಂದಿರಲಿಲ್ಲ. ಟ್ರಂಕನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಆ ದಿನ ಹೋಟೆಲಿಗೆ ಇಡ್ಲಿ ಹೋಗಲಿಲ್ಲ.

ಪಕ್ಕದ ಮನೆಯಾಕೆಯ ಬಾಯಿಂದ ಈ ಸುದ್ದಿ ಮಧ್ಯಾಹ್ನದೊಳಗೆ ಅಂಗಡಿಗೆ ಮುಟ್ಟಿತು. ಸಂಜೆ ಸಾಹೇಬರು ಒಂದು ಮರದ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಜೊತೆಗೆ ಹೆಂಡತಿಯನ್ನೂ ಕರೆತಂದಿದ್ದರು. ಗಂಡು ದಿಕ್ಕಿಲ್ಲದ ಮನೆಗೆ ಒಬ್ಬರೇ ಬರಬಾರದೆಂದು. ಅವತ್ತಿನಿಂದ ಕೊನೆಯವರೆಗೂ ಅವರು ಹಾಗೆಯೇ ನಡೆದುಕೊಂಡರು. ಅವರು ಜಗಲಿ ದಾಟಲಿಲ್ಲ. ಹೆಂಡತಿ ನೇರ ಅಡುಗೆಮನೆಗೆ ಬಂದು, ಬೆಂದ ಹಿಟ್ಟಿಗೆ ಬೆರಳು ಒತ್ತಿ ನೋಡಿ, ಹೊರಗೆ ಕೇಳುವಂತೆ, "ಇಡ್ಲಿ ಆಗಿದೆ, ಬನ್ನಿ, ಚಟ್ನಿ ಮಾತ್ರ ಇಲ್ಲ" ಎಂದರು. ನಾನು ಎಷ್ಟೋ ದಿನದ ಮೇಲೆ ನಕ್ಕಿದ್ದು ಆವಾಗ.

ಜಗಲಿಗೆ ತಂದಿಟ್ಟ ಟ್ರಂಕನ್ನು ನೋಡಿದ ಸಾಹೇಬರಿಗೆ ಸಿಟ್ಟೇ ಬಂತು. ಮಳೆಗಾಲದಲ್ಲಿ ತಗಡಿಗೆ ಕರೆಂಟು ಕೊಡುತ್ತಾರಾ, ಹೊಡೆದಿದ್ದರೆ ಹುಡುಗಿಯ ಗತಿ ಏನು ಎಂದು ಗದರಿದರು. ಆಮೇಲೆ ದನಿ ಇಳಿಸಿ, "ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ. ನೂರು ಕೊಟ್ಟಿದ್ದೂ ತಪ್ಪು" ಎಂದರು. ತಂದಿದ್ದು ಪಂಪು ಬಂದಿದ್ದ ಪೆಟ್ಟಿಗೆ. ಒಳಗೆ ಸುತ್ತಲೂ ಒಣಹುಲ್ಲು ಒತ್ತಿ, ಮೂಲೆಯಲ್ಲಿ ಹೋಲ್ಡರು ಕೂರಿಸಿ, ಬಲ್ಬಿಗೂ ಪಾತ್ರೆಗೂ ನಡುವೆ ಒಂದು ಹೆಂಚು ನಿಲ್ಲಿಸಿದರು. ಬಿಸಿ ನೇರ ಹೊಡೆಯದೆ ಸುತ್ತಿಕೊಂಡು ಬರಬೇಕು, ಹುಲ್ಲಿಗೂ ತಾಗಬಾರದು ಎಂದು. ಮೊದಲು ಅರವತ್ತರದ್ದು ಹಾಕಿ ಮುಚ್ಚಳ ಇಳಿಸಿ ಕಾದರು. ಕೈ ಒಳಗಿಟ್ಟು ತಲೆ ಅಲ್ಲಾಡಿಸಿದರು. ಇಪ್ಪತ್ತೈದರದ್ದು ಹಾಕಿದರು. ಅದೂ ಆಗಲಿಲ್ಲ. ನಲವತ್ತರದ್ದಕ್ಕೆ ಅವರ ಮುಖ ಸಡಿಲವಾಯಿತು.

"ಬನ್ನಿ, ಕೈ ಇಡಿ" ಎಂದರು. ಇಟ್ಟೆ. "ಬಲ್ಬ್ ನೋಡ್ಬೇಡಿ ಅಮ್ಮ, ಗೋಡೆ ನೋಡಿ. ಬೆಳಕು ನೋಡ್ತಾ ಇದ್ರೆ ಬಿಸಿ ಜಾಸ್ತಿ ಇದೆ ಅನ್ಸುತ್ತೆ." ಗೋಡೆ ನೋಡಿದೆ. ಮೊಟ್ಟೆಗೆ ಕೂತ ಕೋಳಿಯ ರೆಕ್ಕೆಯ ಅಡಿಗೆ ಕೈ ಹಾಕಿದಷ್ಟು ಬೆಚ್ಚಗಿತ್ತು. ಅಷ್ಟು ಸಾಕು ಎಂದರು.

ಮರುದಿನ ಹಿಟ್ಟು ಪಾತ್ರೆಯ ಮುಚ್ಚಳವನ್ನು ಎತ್ತಿ ಹಿಡಿದಿತ್ತು.

ಅಲ್ಲಿಂದ ಒಂದಷ್ಟು ದಿನ ಇಡ್ಲಿ ಸರಿಯಾಗಿ ಹೋಯಿತು. ಹೋಟೆಲಿನ ಯಜಮಾನರು ಹೊಗಳಲಿಲ್ಲ, ಬೈಯಲೂ ಇಲ್ಲ. ಆದರೆ ನಂಬಿಕೆ ಬಂದಿರಲಿಲ್ಲ. ಮೂಡಿಗೆರೆಯ ಮಾತು ಆಗಾಗ ಬರುತ್ತಿತ್ತು. ಆಷಾಢ ಮುಗಿಯುವ ಹೊತ್ತಿಗೆ ದೊಡ್ಡ ಮಳೆ ಬಂತು. ಎಲ್ಲೋ ಮರ ಬಿದ್ದು ಲೈನು ಹರಿಯಿತು, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿಯಿತು. ಕೆಳಗೆ ಇಳಿಯಬೇಕಾದ ಬಸ್ಸು, ಲಾರಿ, ಕಾರು ಎಲ್ಲ ಕೊಟ್ಟಿಗೆಹಾರದಲ್ಲೇ ನಿಂತವು. ಕರೆಂಟು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಹೋಟೆಲಿನ ಯಜಮಾನರೇ ಮನೆಗೆ ಬಂದರು. ಜನ ಅಂಗಡಿ ಜಗಲಿಗಳಲ್ಲಿ ಕೂತಿದ್ದಾರೆ, ಬೆಳಿಗ್ಗೆ ಎಲ್ಲರೂ ತಿಂಡಿಗೆ ಬರುವುದು ತಮ್ಮಲ್ಲಿಗೇ, ದೋಸೆ ಹೊಯ್ಯುತ್ತಾ ಕೂತರೆ ಪೂರೈಸುವುದಿಲ್ಲ ಎಂದರು. "ಇಡ್ಲಿ ಆಗುತ್ತಾ ಇಲ್ವಾ, ಈಗ್ಲೇ ಹೇಳಿಬಿಡಿ. ನಾಳೆ ಕೈ ಬಿಟ್ರೆ ಆಮೇಲೆ ನನ್ನ ಕೇಳ್ಬೇಡಿ."

ಆಗುತ್ತೆ ಎಂದುಬಿಟ್ಟೆ.

ರುಬ್ಬಲು ಕಲ್ಲು ಇತ್ತು, ಅದಕ್ಕೆ ಕರೆಂಟು ಬೇಡ. ನಾನೂ ನಿಮ್ಮ ಅಮ್ಮನೂ ಪಕ್ಕದ ಮನೆಯಾಕೆಯೂ ಸರದಿಯಲ್ಲಿ ರುಬ್ಬಿದೆವು. ಹಿಟ್ಟು ತಯಾರಾಯಿತು. ಪೆಟ್ಟಿಗೆ ಕತ್ತಲಾಗಿತ್ತು. ನಾನು ಛತ್ರಿ ಹಿಡಿದು ಅಂಗಡಿಗೆ ಹೋಗಿ ನಿಂತೆ.

"ಕರೆಂಟೇ ಇಲ್ಲ, ಬಲ್ಬ್ ಕೊಟ್ಟು ಎಂತ ಮಾಡ್ಲಿ?" ಎಂದರು ಸಾಹೇಬರು. ಹಿಟ್ಟು ರುಬ್ಬಿದ್ದೇನೆ ಎಂದೆ. ನಾಳೆ ಆಗದಿದ್ದರೆ ನಾವು ಭಾವನವರ ಮನೆಗೆ ಹೋಗಬೇಕಾಗುತ್ತದೆ, ಹುಡುಗಿಯ ಶಾಲೆ ನಿಲ್ಲುತ್ತದೆ ಎಂದೂ ಹೇಳಿದೆ. ಅಷ್ಟು ಉದ್ದದ ಮಾತನ್ನು ಹೊರಗಿನವರ ಹತ್ತಿರ ಆಡಿದ್ದು ಜೀವನದಲ್ಲಿ ಅದೇ ಮೊದಲು. ಅವರು ರಸ್ತೆಯ ಕಡೆ ನೋಡಿದರು. ರಸ್ತೆಯಲ್ಲಿ ಎಸ್ಟೇಟುಗಳಿಗೆ ಹೋಗುವ ಬಾಡಿಗೆ ಜೀಪುಗಳು ಕೆಲಸವಿಲ್ಲದೆ ಸಾಲಾಗಿ ನಿಂತಿದ್ದವು.

ಟೊಪ್ಪಿ ಸರಿಮಾಡಿಕೊಂಡು ಇಳಿದು ಹೋದರು. ಮೊದಲ ಜೀಪಿನ ಮುಂದಿನ ದೊಡ್ಡ ದೀಪವನ್ನು ನೋಡಿ, ಬೇಡವೆಂದು ಕೈ ಆಡಿಸಿದರು. ಅದು ಬಿಸಿಯೇನೋ ಚೆನ್ನಾಗಿ ಕೊಡುತ್ತದೆ, ಆದರೆ ಬೆಳಗಾಗುವುದರೊಳಗೆ ಬ್ಯಾಟರಿ ಕುಡಿದು ಮುಗಿಸುತ್ತದೆ. ಪಕ್ಕದ ಸಣ್ಣ ದೀಪ ಬರೀ ಮಿಣುಕು, ಹಿಟ್ಟಿಗೆ ಸಾಲದು. ಹಿಂದಕ್ಕೆ ಹೋಗಿ ಬಗ್ಗಿ, "ಬ್ರೇಕಿಂದು ಸಾಕು" ಎಂದರು.

ಜೀಪಿನ ಡ್ರೈವರು ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದವನು ಇಳಿದು ಬಂದ. "ಎಂತ ಸಾಹೇಬ್ರೆ, ನನ್ನ ಬ್ಯಾಟರೀಲಿ ಇಡ್ಲಿ ಬೇಯಿಸ್ತೀರಾ?"

"ಬೇಯಿಸೋದು ಅಮ್ಮ. ನಾನು ಬರೇ ಎಬ್ಬಿಸೋದು."

"ಬೆಳಿಗ್ಗೆ ಜೀಪು ಸ್ಟಾರ್ಟ್ ಆಗದಿದ್ರೆ?"

"ಇಡ್ಲಿ ತಿಂದವ್ರು ತಳ್ತಾರೆ ಮಾರಾಯ."

ಡ್ರೈವರೇ ಬ್ಯಾಟರಿ ಬಿಚ್ಚಿ ಹೊತ್ತುಕೊಂಡು ಬಂದ. ಸಾಹೇಬರು ಹೆಂಡತಿಯನ್ನು ಕೂಗಿ ಕರೆದು ಅವರ ಹಿಂದೆ ಬಂದರು. ಪೆಟ್ಟಿಗೆಯೊಳಗೆ ಆ ಪುಟ್ಟ ಬಲ್ಬನ್ನು ವಯರಿನಲ್ಲಿ ಕಟ್ಟಿ ಹೊತ್ತಿಸಿದರು. ಬ್ರೇಕಿನ ಬಲ್ಬು ಕೆಂಪಗೆ ಉರಿಯುವುದಿಲ್ಲವೆಂದು ನಿಮ್ಮ ಅಮ್ಮನಿಗೆ ಆಶ್ಚರ್ಯ. ಕೆಂಪು ಇರುವುದು ಮೇಲಿನ ಗಾಜು ಎಂದು ಅವಳಿಗೆ ತಿಳಿಸಿ ಹೇಳಿದರು. ನಲವತ್ತರದ್ದರ ಅರ್ಧದಷ್ಟು ಬಿಸಿಯೇ ಅದು. ಅದಕ್ಕೆ ಪೆಟ್ಟಿಗೆಯ ಸುತ್ತ ಗೋಣಿಚೀಲ, ಅದರ ಮೇಲೆ ಕಂಬಳಿ, ಡ್ರೈವರು ಹೊದ್ದಿದ್ದ ಕಂಬಳಿಯೂ ಸೇರಿ. ಆಗಾಗ ತೆರೆದು ನೋಡಬೇಡಿ, ನೋಡಿದಷ್ಟೂ ಬಿಸಿ ಹೋಗುತ್ತದೆ ಎಂದು ಹೇಳಿ, ನಮಾಜಿಗೆ ಹೊತ್ತಾಯಿತೆಂದು ಇಳಿದು ಹೋದರು. ನಾನು ತೆರೆದು ನೋಡಲಿಲ್ಲ. ಪೆಟ್ಟಿಗೆಯ ಪಕ್ಕವೇ ಚಾಪೆ ಹಾಸಿ ಮಲಗಿದೆ.

ಬೆಳಿಗ್ಗೆ ಹಿಟ್ಟು ಬೇಸಿಗೆಯಷ್ಟು ಎದ್ದಿರಲಿಲ್ಲ. ಆದರೆ ಎದ್ದಿತ್ತು. ಹುಳಿ ವಾಸನೆ ಮೂಗಿಗೆ ಬಡಿದಾಗ ನಿಮ್ಮ ಅಮ್ಮ ಚಪ್ಪಾಳೆ ತಟ್ಟಿದಳು. ಒಲೆ ಆರಿಸದೆ ಬೇಯಿಸಿ ಬೇಯಿಸಿ ಕಳಿಸಿದೆವು. ಸರ್ಕಲ್ಲಿನಲ್ಲಿ ಸಿಕ್ಕಿಬಿದ್ದವರೆಲ್ಲ ತಿಂದರು. ಡ್ರೈವರು ಹೆದರಿದ್ದಂತೆಯೇ ಜೀಪು ಸ್ಟಾರ್ಟ್ ಆಗಲಿಲ್ಲ. ಸಾಹೇಬರು ಹೇಳಿದ್ದಂತೆ, ಇಡ್ಲಿ ತಿಂದು ಕೈ ತೊಳೆದ ಲಾರಿಯವರು ಮಳೆಯಲ್ಲೇ ಅದನ್ನು ತಳ್ಳಿಕೊಂಡು ಹೋದರು. ಹೋಟೆಲಿನ ಯಜಮಾನರು ಅವತ್ತಿನಿಂದ ಮೂಡಿಗೆರೆಯ ಮಾತು ಎತ್ತಲಿಲ್ಲ. ದೀಪಾವಳಿಗೆ ಭಾವನವರು ಬಂದಾಗ ನಾನು ಇಡ್ಲಿಯನ್ನೇ ಬಡಿಸಿದೆ. ಅವರು ತಿಂದು, ಕೈ ತೊಳೆದು, ಹುಡುಗಿ ಯಾವ ಕ್ಲಾಸು ಎಂದು ಕೇಳಿ ಹೊರಟರು. ನಿಮ್ಮ ಅಮ್ಮ ಮುಂದೆ ಚಿಕ್ಕಮಗಳೂರಿನಲ್ಲಿ ಕಾಲೇಜು ಓದಿದ್ದು ನಿಮಗೆ ಗೊತ್ತೇ ಇದೆ.

ಇಷ್ಟೆಲ್ಲ ಮಾಡಿದವರು ಒಂದು ದಿನವೂ ನನ್ನ ಇಡ್ಲಿ ತಿನ್ನಲಿಲ್ಲ. ಅವರ ಪ್ರಕಾರ ಅದು ಜ್ವರ ಬಂದವರ ಊಟ. ಹೋಟೆಲಿಗೆ ಬಂದರೂ ನೀರುದೋಸೆ. ಹಬ್ಬಕ್ಕೆ ಕಳಿಸಿಕೊಟ್ಟರೆ ಹೆಂಡತಿ ಮಕ್ಕಳು ತಿನ್ನುತ್ತಿದ್ದರು, ಅವರು ಅಕ್ಕಿರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು. ಉಪಕಾರದ ಮಾತು ಎತ್ತಿದರೆ ಸಿಡುಕುತ್ತಿದ್ದರು. ಸುಲಭದ ಮನುಷ್ಯರೇನಲ್ಲ. ಒಮ್ಮೆ ಮಾರಿದ ಸಾಮಾನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಟ್ಯೂಬ್‌ಲೈಟು ಕೇಳಿದವರಿಗೆ, "ಮೊಸರಿನ ಬಣ್ಣ ಮುಖಕ್ಕೆ ಬರುತ್ತೆ, ಬೇಕಾದ್ರೆ ಒಯ್ಯಿರಿ" ಎಂದು ಹೇಳಿ ವ್ಯಾಪಾರ ಕೆಡಿಸಿಕೊಳ್ಳುತ್ತಿದ್ದರು.

ಆಮೇಲೆ ಈ ಎಲ್‌ಇಡಿ ಬಲ್ಬುಗಳು ಬಂದವು. ಅವರು ಅದನ್ನು ದೂರಲಿಲ್ಲ. ಮೊದಲ ಬಲ್ಬನ್ನು ಹೊತ್ತಿಸಿ, ಮುಖ ತಿರುಗಿಸಿ, ಹೆಬ್ಬೆರಳು ಹಿಡಿದು ಬಹಳ ಹೊತ್ತು ನಿಂತರಂತೆ. "ಒಳ್ಳೆ ಬಲ್ಬೇ. ಒಲೆ ಅಲ್ಲ ಅಷ್ಟೆ" ಎಂದರಂತೆ. ದೊಡ್ಡವಳೇ, ಆಗ ನೀನು ತೊಟ್ಟಿಲಲ್ಲಿದ್ದೆ. ನಿಮ್ಮ ಅಮ್ಮ ಬಾಣಂತನಕ್ಕೆ ಇಲ್ಲಿಗೆ ಬಂದಿದ್ದಳು. ಹಳೆ ಬಲ್ಬು ಕೊಟ್ಟರೆ ಕಡಿಮೆಗೆ ಹೊಸದು ಕೊಡುತ್ತೇವೆಂದು ಯಾರೋ ಮನೆ ಮನೆಗೆ ಬಂದಾಗ, ನಾನು ಹೋಟೆಲಿಗೆ ಹೋಗಿದ್ದ ಹೊತ್ತಿನಲ್ಲಿ, ಅವಳು ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿ ಕೊಟ್ಟುಬಿಟ್ಟಳು. ಪೆಟ್ಟಿಗೆಯದನ್ನೂ ಬಿಡಲಿಲ್ಲ. ಅಮ್ಮನಿಗೆ ಅನುಕೂಲವಾಗಲಿ ಎಂದು ಅದಕ್ಕೂ ಹೊಸದನ್ನೇ ಹಾಕಿ, ಹಿಟ್ಟನ್ನೂ ತಾನೇ ಒಳಗಿಟ್ಟು ಮುಚ್ಚಿದ್ದಳು. ಮರುದಿನ ಪೆಟ್ಟಿಗೆ ತೆರೆದರೆ ಒಳಗೆ ಬೆಳದಿಂಗಳು, ಹಿಟ್ಟು ಮಾತ್ರ ಬಾವಿಯ ನೀರಿನಷ್ಟು ತಣ್ಣಗಿತ್ತು.

ಅಂಗಡಿಗೆ ಹೋದೆ. ನಲವತ್ತರ ಬಲ್ಬು ಬರುವುದು ನಿಂತುಹೋಗಿತ್ತು. ಆದರೆ ಸಾಹೇಬರು ಊರಿನವರು ಬೇಡವೆಂದು ಬಿಸಾಡುತ್ತಿದ್ದ ಹಳೆ ಬಲ್ಬುಗಳನ್ನು ಕೇಳಿ ತಂದು, ಹುಲ್ಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಬಿಸಿಗೆ ಬೇಕೆಂದು ಬಂದವರಿಗೆ ಮಾತ್ರ ಅದರಿಂದ ತೆಗೆದುಕೊಡುತ್ತಿದ್ದರು. ನನಗೆ ನಲವತ್ತರದ್ದು ಒಂದು ಕಟ್ಟೇ ಕೊಟ್ಟರು. ಹೀಗೆ ಹಂಚಿ ಹಂಚಿ ಅವರ ಅಟ್ಟ ಖಾಲಿಯಾಯಿತು.

ಹೋದ ವರ್ಷದ ಮಳೆಗಾಲದಲ್ಲಿ ಅವರು ಮಲಗಿದರು. ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಿದ್ದ. ನೋಡಲು ಹೋದಾಗ ಹೆಂಡತಿ ಹೇಳಿದರು, ಕಾಲು ಥಂಡಿ ಎನ್ನುತ್ತಾರೆ, ಬುಟ್ಟಿಯೊಳಗೆ ಬಲ್ಬು ಇಡಿ ಎನ್ನುತ್ತಾರೆ, ಮನೆಯಲ್ಲಿ ಹುಡುಕಿದರೆ ಒಂದೂ ಬಿಸಿಯ ಬಲ್ಬಿಲ್ಲ ಎಂದು. ನಾನು ಮನೆಗೆ ಬಂದು, ನನ್ನ ಕಟ್ಟಿನಿಂದ ಒಂದನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಮತ್ತೆ ಹೋದೆ. ಅದನ್ನು ಹೊತ್ತಿಸಿ ಮಂಚದ ಹತ್ತಿರ ಹಿಡಿದಾಗ ಅವರು ಕಣ್ಣು ತೆರೆಯಲಿಲ್ಲ. ಮುಖವನ್ನು ಆ ಕಡೆಗೆ ತಿರುಗಿಸಿಕೊಂಡೇ ಹೆಬ್ಬೆರಳು ಚಾಚಿದರು.

"ನಲವತ್ತು" ಎಂದರು. ಬೆರಳು ಹಿಂದಕ್ಕೆ ತೆಗೆದುಕೊಂಡು, "ಹಿಟ್ಟು ಏಳ್ತಿದ್ಯಾ ಅಮ್ಮ?" ಎಂದರು.

ಏಳ್ತಿದೆ ಎಂದೆ. ಅವರೊಡನೆ ನನ್ನ ಕೊನೆಯ ಮಾತು ಅದೇ.

ಅವರು ತೀರಿಕೊಂಡ ದಿನವೂ ಮಳೆ, ಕರೆಂಟಿಲ್ಲ. ಮಧ್ಯಾಹ್ನದೊಳಗೆ ಮಣ್ಣು ಮಾಡಿ ಬಂದರು. ಅವರಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರು ಊಟ ತಿಂಡಿ ತರುತ್ತಾರೆ. ಮರುದಿನ ಬೆಳಗಿನದ್ದು ನನ್ನದು ಎಂದು ಅವರ ಅಳಿಯನಿಗೆ ಹೇಳಿ ಬಂದೆ. ಕಡುಬನ್ನೋ ನೀರುದೋಸೆಯನ್ನೋ ಮಾಡಿ ಒಯ್ಯಬಹುದಿತ್ತು. ನನಗೆ ಇಡ್ಲಿಯೇ ಆಗಬೇಕಿತ್ತು. ಹಿಟ್ಟು ರುಬ್ಬಿಟ್ಟು ಜೀಪು ನಿಲ್ಲುವಲ್ಲಿಗೆ ಹೋದೆ. ಹುಡುಗರೇ ಹೆಚ್ಚು, ಯಾರೂ ನನ್ನ ಪರಿಚಯದವರಲ್ಲ. ಒಂದು ಬ್ಯಾಟರಿ, ಒಂದು ಬ್ರೇಕಿನ ಬಲ್ಬು ಬೇಕಿತ್ತು, ನಾಳೆ ಕೊಡುತ್ತೇನೆ ಎಂದೆ.

"ಎಂತಕ್ಕಜ್ಜಿ? ಮನೇಲಿ ಕತ್ತಲಾ? ಟಾರ್ಚ್ ಕೊಡ್ಲಾ?" ಎಂದ ಒಬ್ಬ. ಉಳಿದವರು ನಕ್ಕರು.

"ಬೆಳಕಿಗಲ್ಲ" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. "ಬಿಸಿಗೆ."

ಸಾಲಿನ ಕೊನೆಯ ಜೀಪಿನಿಂದ ತಲೆ ನರೆತ ಒಬ್ಬ ಇಳಿದು ಬಂದ. ಅವತ್ತಿನ ಅದೇ ಡ್ರೈವರು. ಏನೂ ಕೇಳದೆ ಬಾನೆಟ್ಟು ಎತ್ತಿದ. ಬ್ಯಾಟರಿ ಮನೆಗೆ ತಂದುಕೊಟ್ಟು, ವಯರು ಕಟ್ಟಿ, ಹೋಗುವಾಗ ತಾನು ಹೊದ್ದಿದ್ದ ಕಂಬಳಿಯನ್ನೂ ಪೆಟ್ಟಿಗೆಯ ಮೇಲೆ ಹಾಕಿ ಹೋದ.

ಬೆಳಿಗ್ಗೆ ಕ್ಯಾರಿಯರು ತುಂಬ ಇಡ್ಲಿ ಒಯ್ದೆ. ಸಾಹೇಬರ ಹೆಂಡತಿ ಒಂದನ್ನು ಮುರಿದು ಬಾಯಿಗಿಟ್ಟುಕೊಂಡರು. "ಕರೆಂಟಿರ್ಲಿಲ್ವಲ್ಲ. ಎಂತದ್ರಲ್ಲಿ ಎಬ್ಬಿಸಿದ್ರಿ?" ಎಂದರು.

"ಜೀಪಿಂದು" ಎಂದೆ.

ಅವರ ಮುಖದಲ್ಲಿ ನಗು ಬಂದು ಹೋಯಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೇಳಿದರು: "ಮಳೆ ಜೋರಾದ್ರೆ ಸಾಕು, ಆ ಅಮ್ಮನ ಹಿಟ್ಟು ಎದ್ದಿರುತ್ತಾ ಅನ್ನೋರು. ನೀವು ಒಂದಾದ್ರೂ ತಿಂದು ನೋಡಿದೀರಾ ಅಂತ ನಾನು ಬಯ್ಯೋದು. ನಾನ್ಯಾಕೆ ತಿನ್ಲಿ, ಏಳ್ಬೇಕು ಅಷ್ಟೆ ಅನ್ನೋರು."

ಈಗ ಹೋಟೆಲಿಗೆ ನಾನು ಇಡ್ಲಿ ಕೊಡುವುದಿಲ್ಲ. ಮನೆಗೆ ಮಾತ್ರ, ನೀವು ಬಂದಾಗ ಸ್ವಲ್ಪ ಹೆಚ್ಚು. ಕಟ್ಟಿನಲ್ಲಿ ಕೆಲವು ಬಲ್ಬು ಉಳಿದಿವೆ, ನನ್ನ ಕಾಲಕ್ಕೆ ಸಾಕು. ಹಿಟ್ಟಿಡುವಾಗ ಅಜ್ಜಿ ಪೆಟ್ಟಿಗೆಯೊಳಗೆ ಕೈ ಇಟ್ಟು ಗೋಡೆ ನೋಡುತ್ತಾ ಕೂರುತ್ತಾಳೆ, ಗೋಡೆಯಲ್ಲಿ ಎಂತ ಇದೆ ಎಂದು ನೀವು ಒಬ್ಬರನ್ನೊಬ್ಬರು ತಿವಿದುಕೊಂಡು ನಗುವುದು ನನಗೆ ಗೊತ್ತು. ಗೋಡೆಯಲ್ಲಿ ಏನೂ ಇಲ್ಲ. ಹಾಗೆ ನೋಡಲು ಹೇಳಿಕೊಟ್ಟವರು ಒಬ್ಬರಿದ್ದರು. ಮುಂದಿನ ಸಲ ಬಂದಾಗ ನೀವೂ ಒಮ್ಮೆ ಕೈ ಇಡಿ, ಮುಖ ಆ ಕಡೆ ತಿರುಗಿಸಿಕೊಂಡು.